ತಪ್ಪು ಇಂಗ್ಲಿಷಿನ ತವರುಮನೆ

1999ರಲ್ಲಿ ನಮ್ಮ ಹಿರಿಯ ಮಗನನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಲು ಹೋದಾಗಿನ ಮಾತು. ಮಗುವಿನ ಜತೆಗೆ ತಂದೆತಾಯಿಗೂ ಸಂದರ್ಶನವಿತ್ತು. ಹಿಂದಿನ ರಾತ್ರಿಯೆಲ್ಲ ಉತ್ತರಗಳನ್ನು ಮನಸ್ಸಿನಲ್ಲೇ ಉರು ಹೊಡೆದುಕೊಂಡು, ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಹೋಗಿದ್ದೆ. ಮುಖ್ಯೋಪಾಧ್ಯಾಯಿನಿಯವರು ಮನೆತನದ ಬಗ್ಗೆ ಕೇಳಿದರು. ನಾನು ಧೈರ್ಯವಾಗಿಯೇ ಹೇಳಿದೆ: 'ಐ ಆಮ್ ಹ್ಯಾವಿಂಗ್ ಟೂ ಸನ್ಸ್. ವಿ ಆರ್ ಸ್ಟೇಯಿಂಗ್ ಇನ್ ಡೊಂಬಿವಿಲಿ ಸಿನ್ಸ್ ಸಿಕ್ಸ್ ಇಯರ್ಸ್.'

ಆಕೆ ನಕ್ಕರು. ಜೋರಾಗಿ ಏನಲ್ಲ, ತುಟಿಯ ಒಂದು ಮೂಲೆಯಲ್ಲಿ ಮಾತ್ರ. ಆಮೇಲಿನ ಪ್ರಶ್ನೆಗಳನ್ನೆಲ್ಲ ನಮ್ಮವರಿಗೇ ಕೇಳಿದರು. ನಮ್ಮವರು ಬಿ.ಕಾಂ. ಮಾಡಿದವರು, ಮಾತು ಕಡಿಮೆ. 'ಯೆಸ್ ಮೇಡಂ', 'ನೋ ಮೇಡಂ' ಎರಡರಲ್ಲೇ ಎಲ್ಲವನ್ನೂ ಮುಗಿಸಿದರು. ವ್ಯಾಕರಣ ತಪ್ಪದಿರಲು ಅದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ ನೋಡಿ! ಮಗನಿಗೆ ಸೀಟು ಸಿಕ್ಕಿತು. ಆದರೆ ಅಂದಿನಿಂದ ಶಾಲೆಯಲ್ಲಿ ನನ್ನ ಬಾಯಿ ಕಟ್ಟಿಹೋಯಿತು. ಅವನು ಏಳನೆಯ ಇಯತ್ತೆಗೆ ಬಂದಾಗ ಒಂದು ದಿನ, ಷೂ ಲೇಸು ಕಟ್ಟಿಕೊಳ್ಳುತ್ತ, ತಲೆ ಎತ್ತದೆಯೇ ಹೇಳಿದ: 'ಅಮ್ಮಾ, ನಾಳೆ ಪೇರೆಂಟ್ಸ್ ಮೀಟಿಂಗಿಗೆ ನೀ ಬರಬ್ಯಾಡ, ಅಪ್ಪ ಬರಲಿ.' ಯಾಕೆ ಎಂದು ನಾನು ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ನಾನೇನು ಓದಿಲ್ಲದವಳಲ್ಲ. ಧಾರವಾಡದಲ್ಲಿ ಇಂಗ್ಲಿಷ್ ಮುಖ್ಯ ವಿಷಯವನ್ನಾಗಿ ತೆಗೆದುಕೊಂಡು ಬಿ.ಎ. ಮಾಡಿದವಳು. ಷೇಕ್ಸ್‌ಪಿಯರ್, ಹಾರ್ಡಿ ಎಲ್ಲ ಓದಿದ್ದೆ. 'ಮ್ಯಾಕ್‌ಬೆತ್' ನಾಟಕದ ಮೇಲೆ ಹತ್ತು ಪುಟ ಬರೆ ಎಂದರೆ ಬರೆಯುತ್ತಿದ್ದೆ. ಆದರೆ ಅಂಗಡಿಗೆ ಹೋಗಿ ಇಂಗ್ಲಿಷಿನಲ್ಲಿ ಅರ್ಧ ಕಿಲೋ ರವೆ ಕೇಳುವ ಪ್ರಸಂಗ ನನಗೆ ಆ ಮೂರು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ. ನಮಗೆ ಇಂಗ್ಲಿಷ್ ಶುರುವಾಗಿದ್ದೇ ಐದನೆಯ ಇಯತ್ತೆಯಲ್ಲಿ. ಅದೂ ಕನ್ನಡದಲ್ಲಿ ಅರ್ಥ ಹೇಳಿಸಿಕೊಂಡು. ವ್ಯಾಕರಣಕ್ಕೆ ರೆನ್ ಮತ್ತು ಮಾರ್ಟಿನ್. ನಿಮ್ಮ ಮನೆಯ ಅಟ್ಟದ ಮೇಲೂ ಅಪ್ಪನ ಕಾಲದ ಒಂದು ಪ್ರತಿ ಇದ್ದೀತು. ಅಂದ ಹಾಗೆ, ಆ ಪಿ.ಸಿ. ರೆನ್ ಬ್ರಿಟಿಷರ ಕಾಲದಲ್ಲಿ ನಮ್ಮ ಈ ಮುಂಬಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲೇ ಕೆಲಸ ಮಾಡಿದವನು. 1924ರಲ್ಲಿ 'ಬೋ ಜೆಸ್ಟ್' ಎಂಬ ಸಾಹಸದ ಕಾದಂಬರಿ ಬರೆದು ಹೆಸರು ಮಾಡಿದ. ಅಲ್ಲಿಯವರು ಅವನನ್ನು ಕಾದಂಬರಿಕಾರನೆಂದು ಬಲ್ಲರು, ನಾವು ವ್ಯಾಕರಣದ ಮೇಷ್ಟರೆಂದು.

ಇಷ್ಟೆಲ್ಲ ಓದಿಯೂ ಎರಡು ವಾಕ್ಯದಲ್ಲಿ ಎರಡು ತಪ್ಪು ಬಂದದ್ದು ಹೇಗೆ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಕೊನೆಗೆ ಮಗನ ಹಳೆಯ ನೋಟುಬುಕ್ಕೊಂದನ್ನು ಅಡಿಗೆಮನೆಯ ಕಪಾಟಿನಲ್ಲಿಟ್ಟುಕೊಂಡು, ನಾನು ಆಡಿದ, ಅಕ್ಕಪಕ್ಕದವರು ಆಡಿದ ತಪ್ಪುಗಳನ್ನು ಬರೆದಿಡತೊಡಗಿದೆ. ಬರೆಯುತ್ತ ಹೋದಂತೆ ಒಂದು ಸಂಗತಿ ಕಣ್ಣಿಗೆ ಬಿತ್ತು. ನಮ್ಮ ತಪ್ಪುಗಳು ಮನಸ್ಸಿಗೆ ಬಂದ ಹಾಗೆ ಆಗುವುದಿಲ್ಲ. ಅವುಗಳಿಗೂ ಒಂದು ತವರುಮನೆ ಇದೆ, ಅದು ನಮ್ಮ ತಾಯಿನುಡಿ.

ನನ್ನ 'ಸಿನ್ಸ್ ಸಿಕ್ಸ್ ಇಯರ್ಸ್' ಅನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ 'ಆರು ವರ್ಷದಿಂದ ಇದ್ದೇವೆ' ಎನ್ನುತ್ತೇವೆ, '1993ರಿಂದ ಇದ್ದೇವೆ' ಎಂದೂ ಎನ್ನುತ್ತೇವೆ. ಎರಡಕ್ಕೂ ಒಂದೇ 'ಇಂದ'. ಇಂಗ್ಲಿಷಿನವರು ಕಾಲದ ಅಳತೆಗೆ 'ಫಾರ್' ಎಂದೂ, ಶುರುವಾದ ಗಳಿಗೆಗೆ 'ಸಿನ್ಸ್' ಎಂದೂ ಎರಡು ಪಾತ್ರೆ ಇಟ್ಟುಕೊಂಡಿದ್ದಾರೆ. ನಾವು ಒಂದೇ ಪಾತ್ರೆಯಲ್ಲಿ ಬೇಯಿಸಿ ಬಡಿಸುತ್ತೇವೆ. ಮೇಲಾಗಿ 'ಇದ್ದೇವೆ' ಎಂಬುದು ನಮಗೆ ವರ್ತಮಾನಕಾಲ, ಆದ್ದರಿಂದ 'ವಿ ಆರ್'. ಅವರಿಗೆ ಅಲ್ಲಿ 'ಹ್ಯಾವ್ ಬೀನ್' ಬೇಕು.

ಇನ್ನು 'ಹ್ಯಾವಿಂಗ್'. ಮನೆಮಾತಿನ ಕನ್ನಡದಲ್ಲಿ 'ಹ್ಯಾವ್' ಎಂಬ ಕ್ರಿಯಾಪದವೇ ಇಲ್ಲ. 'ನನಗೆ ಇಬ್ಬರು ಗಂಡುಮಕ್ಕಳಿದ್ದಾರೆ' ಎನ್ನುತ್ತೇವೆಯೇ ಹೊರತು ಮಕ್ಕಳನ್ನು 'ಹೊಂದಿದ್ದೇನೆ' ಎಂದು ಯಾವ ತಾಯಿಯೂ ಹೇಳುವುದಿಲ್ಲ. ಹೀಗಾಗಿ 'ಹ್ಯಾವ್' ನಮಗೆ ಮನೆಯಿಂದ ಬರಲಿಲ್ಲ, ಪುಸ್ತಕದಿಂದ ಬಂತು. ಪುಸ್ತಕದಲ್ಲಿ 'ಈಗ ನಡೆಯುತ್ತಿರುವುದಕ್ಕೆ ಇಂಗ್ ಹಚ್ಚಿರಿ' ಎಂದು ಕಲಿಸಿದ್ದರು. 'ಗೋಯಿಂಗ್', 'ಈಟಿಂಗ್' ಆದ ಮೇಲೆ 'ಹ್ಯಾವಿಂಗ್', 'ನೋಯಿಂಗ್', 'ವಾಂಟಿಂಗ್' ಯಾಕಾಗಬಾರದು? ಮಕ್ಕಳು ಈಗಲೂ ಮನೆಯಲ್ಲೇ ಇದ್ದಾರಲ್ಲ! ನಿಯಮ ಮುರಿದು ಆದ ತಪ್ಪಲ್ಲ ಇದು, ನಿಯಮವನ್ನು ಅತಿಯಾಗಿ ಪಾಲಿಸಿ ಆದದ್ದು.

'ಹೀ ಈಸ್ ಹಿಯರ್ ಓನ್ಲಿ' ಎಂದು ಅಪ್ಪ ಫೋನಿನಲ್ಲಿ ಹೇಳಿದಾಗ ನೀವು ಮುಸಿಮುಸಿ ನಕ್ಕಿರಬಹುದು. ಆ 'ಓನ್ಲಿ' ನಮ್ಮ 'ಏ' ಕಾರ. 'ಇಲ್ಲೇ ಇದ್ದಾನೆ', 'ಅವನೇ ಹೇಳಿದ', 'ನಿನ್ನೆಯೇ ಕೊಟ್ಟೆ'. ಒಂದು ಸ್ವರ ಎಳೆದರೆ ಆಗುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಒಂದು ಶಬ್ದವನ್ನೇ ಹಚ್ಚಬೇಕಾಯಿತು. 'ಯೂ ಆರ್ ಕಮಿಂಗ್, ಈಸಂಟ್ ಇಟ್?' ಎಂಬುದು ನಮ್ಮ 'ಅಲ್ವಾ'. ಅವರಿಗೆ ಪ್ರತಿ ವಾಕ್ಯಕ್ಕೂ ಬೇರೆ ಬೇರೆ ಬಾಲ ಬೇಕು: 'ಆರಂಟ್ ಯೂ', 'ಡಿಡಂಟ್ ಹೀ', 'ಕಾಂಟ್ ದೇ'. ನಮ್ಮ 'ಅಲ್ವಾ', ಮರಾಠಿಯ 'ನಾ', ಹಿಂದಿಯ 'ಹೈ ನಾ' ಒಂದೇ ಎಲ್ಲಕ್ಕೂ ಸಾಲುತ್ತದೆ. ನನ್ನನ್ನು ಕೇಳಿದರೆ ಈ ವಿಷಯದಲ್ಲಿ ನಾವೇ ಜಾಣರು. 'ಹಾಟ್ ಹಾಟ್ ಕಾಫಿ'ಯ ಮಾತು ಬಿಡಿ, ಬಿಸಿಬಿಸಿ ಎನ್ನದೆ ಕಾಫಿ ಕೊಟ್ಟರೆ ಅದು ಬಿಸಿ ಇರುವುದೇ ಇಲ್ಲ.

'ಕಸಿನ್ ಬ್ರದರ್' ತಪ್ಪು ಎಂದು ನಿಮ್ಮ ಟೀಚರು ಹೇಳಿರುತ್ತಾರೆ. ನಿಜ, 'ಕಸಿನ್' ಅಷ್ಟೇ ಸಾಕು. ಆದರೆ ನಮ್ಮಲ್ಲಿ ಕಾಕಾನ ಮಗ ತಮ್ಮ, ಸೋದರಮಾವನ ಮಗ ಬೇರೆ ನಂಟು, ಅವನಿಗೆ ಹೆಣ್ಣು ಕೊಡುವ ಪದ್ಧತಿಯೂ ಉಂಟು. ಗಂಡೋ ಹೆಣ್ಣೋ, ತಂದೆಯ ಕಡೆಯೋ ತಾಯಿಯ ಕಡೆಯೋ ಏನೂ ತಿಳಿಸದ ಒಂದು ಶಬ್ದವನ್ನು ನಮ್ಮ ಕೈಗೆ ಕೊಟ್ಟರೆ ಅದಕ್ಕೊಂದು ಬಾಲ ಹಚ್ಚದೆ ಇನ್ನೇನು ಮಾಡುವುದು? ನನ್ನ ನೆಗೆಣ್ಣಿಯನ್ನು (ಮೈಸೂರಿನವರು ಓರಗಿತ್ತಿ ಎನ್ನುತ್ತಾರೆ) ಕೆಲವರಿಗೆ ಪರಿಚಯಿಸುವಾಗ 'ಮೈ ಕೋ-ಸಿಸ್ಟರ್' ಎಂದಿದ್ದೇನೆ. ಇಂಗ್ಲೆಂಡಿನಲ್ಲಿ ಆ ನಂಟಿಗೆಂದೇ ಬೇರೆ ಹೆಸರಿಲ್ಲ. ಗಂಡನ ತಮ್ಮನ ಹೆಂಡತಿ ಎಂದು ಅವರು ಸುತ್ತಿ ಬಳಸಿ ಹೇಳಬೇಕು.

ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ಆ ಸಣ್ಣ 'ದ'. ಎಲ್ಲಿ 'ಎ', ಎಲ್ಲಿ 'ದ', ಎಲ್ಲಿ ಏನೂ ಬೇಡ, ಇದು ನನಗೆ ಈಗಲೂ ಒಮ್ಮೊಮ್ಮೆ ತೊಡಕೇ. ಕನ್ನಡದಲ್ಲಿ ಹೀಗೊಂದು ಭೇದವೇ ಇಲ್ಲ ಎಂದುಕೊಂಡಿದ್ದೆ. ಇದೆ, ಆದರೆ ಬೇರೆ ಕಡೆ ಅಡಗಿದೆ. 'ಪುಸ್ತಕ ತಂದೆ' ಎಂದರೆ ಯಾವುದೋ ಪುಸ್ತಕ. 'ಪುಸ್ತಕವನ್ನು ತಂದೆ' ಎಂದರೆ ನಾವು ಮಾತಾಡಿಕೊಂಡಿದ್ದ ಅದೇ ಪುಸ್ತಕ ಎಂಬ ಭಾವ ಬರುತ್ತದೆ. ಅವರು ಶಬ್ದದ ಮುಂದೆ ಹಚ್ಚುವುದನ್ನು ನಾವು ಹಿಂದೆ ಹಚ್ಚುತ್ತೇವೆ. ಇದನ್ನು ಕಲಿಸುವಾಗ ಯಾರಾದರೂ ಹೇಳಿದ್ದರೆ ನನಗೆ ಎಷ್ಟೋ ಉಪಕಾರವಾಗುತ್ತಿತ್ತು. ಒಂದು ಭಾಷೆಯನ್ನು ಇನ್ನೊಂದರ ಪಕ್ಕಕ್ಕಿಟ್ಟು ತೋರಿಸುವ ಬದಲು, ಮೊದಲನೆಯದನ್ನು ಮರೆತುಬಿಡಿ ಎಂದು ಕಲಿಸುತ್ತಾರೆ. ಮರೆಯಲಾಗುತ್ತದೆಯೇ?

ಹಾಗಾದರೆ ಇಂಗ್ಲಿಷೇ ಮನೆಮಾತಾದವರು ತಪ್ಪು ಮಾಡುವುದಿಲ್ಲವೋ? ಮಾಡುತ್ತಾರೆ, ಧಾರಾಳವಾಗಿ. ಆದರೆ ಅವರ ತಪ್ಪುಗಳ ಜಾತಿ ಬೇರೆ. ಅವರು ಕಿವಿಯಿಂದ ಕಲಿತವರು, ನಾವು ಕಣ್ಣಿನಿಂದ ಕಲಿತವರು. 'ಕುಡ್ ಹ್ಯಾವ್' ಎಂಬುದು ಬೇಗ ಆಡುವಾಗ 'ಕುಡವ್' ಎಂದು ಕೇಳುತ್ತದೆ. ಅವರಲ್ಲಿ ಎಷ್ಟೋ ಜನ ಅದನ್ನು 'ಕುಡ್ ಆಫ್' ಎಂದು ಬರೆದುಬಿಡುತ್ತಾರೆ. 'ಒನ್ ಆಫ್ ದೆಮ್' ಎನ್ನುವಾಗಿನ 'ಆಫ್' ಅದು. ನಮ್ಮ ಕಡೆಯ ಸಾಧಾರಣ ವಿದ್ಯಾರ್ಥಿಯೂ ಈ ತಪ್ಪು ಮಾಡುವುದು ಅಪರೂಪ, ಏಕೆಂದರೆ ನಾವು ಆ ಶಬ್ದವನ್ನು ಕೇಳುವ ಮೊದಲೇ ಓದಿರುತ್ತೇವೆ. 'ಯುವರ್' ಮತ್ತು 'ಯೂ ಆರ್' ಅದಲುಬದಲಾಗುವುದು, 'ಇಟ್ಸ್' ಎನ್ನುವಲ್ಲಿ ಮೇಲಿನ ಚುಕ್ಕೆ ಬೇಕೋ ಬೇಡವೋ ತಿಳಿಯದೆ ಒದ್ದಾಡುವುದು ಎಲ್ಲ ಇದೇ ಜಾತಿ. ಅಲ್ಲಿಯ ತರಕಾರಿ ಅಂಗಡಿಯವರು ಬಹುವಚನಕ್ಕೂ ಆ ಚುಕ್ಕೆ ಇಟ್ಟು ಫಲಕ ಬರೆಯುತ್ತಾರೆಂದು ಆ ತಪ್ಪಿಗೇ ತರಕಾರಿ ಅಂಗಡಿಯ ಹೆಸರು ಬಂದಿದೆ. 2003ರಲ್ಲಿ ಲಿನ್ ಟ್ರಸ್ ಎಂಬಾಕೆ ಇಂಥ ಚುಕ್ಕೆ, ಅಲ್ಪವಿರಾಮಗಳ ಮೇಲೆ ಸಿಟ್ಟಾಗಿ ಒಂದು ಪುಸ್ತಕವನ್ನೇ ಬರೆದರು, ಅದು ಬಿಸಿ ದೋಸೆಯಂತೆ ಖರ್ಚಾಯಿತು. 1960ರ ದಶಕದಿಂದೀಚೆಗೆ ಇಂಗ್ಲೆಂಡಿನ ಬಹಳಷ್ಟು ಶಾಲೆಗಳಲ್ಲಿ ವ್ಯಾಕರಣವನ್ನು ಬಿಡಿಸಿ ಕಲಿಸುವುದೇ ಹಿಂದೆ ಬಿದ್ದಿತ್ತು. 2013ರಲ್ಲಿ ಅಲ್ಲಿಯ ಪ್ರಾಥಮಿಕ ಶಾಲೆಯ ಕೊನೆಯಲ್ಲಿ ವ್ಯಾಕರಣಕ್ಕೇ ಒಂದು ಪರೀಕ್ಷೆ ತಂದರು. ಎಷ್ಟೋ ತಂದೆತಾಯಿಯರಿಗೆ ಮಕ್ಕಳ ಪ್ರಶ್ನೆಗಳೇ ತಿಳಿಯದೆ ಹೋದವಂತೆ.

ಇಂಗ್ಲಿಷ್ ಭಾಷೆಯ ಹಣೆಬರಹವೂ ಹಾಗಿದೆ. ಹಿಂದೆ ಆ ಭಾಷೆಗೂ ನಮ್ಮ ಹಾಗೆ ವಿಭಕ್ತಿ ಪ್ರತ್ಯಯಗಳಿದ್ದವು. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಬಂದ ಕೆಲವು ಶತಮಾನಗಳಲ್ಲಿ ಅವು ಹೆಚ್ಚು ಕಡಿಮೆ ಎಲ್ಲ ಉದುರಿದವು. 'ಹೀ-ಹಿಮ್', 'ಐ-ಮೀ', 'ಹೂ-ಹೂಮ್' ಇಂಥ ನಾಲ್ಕು ಚೂರು ಉಳಿದುಕೊಂಡವು. ಮರವನ್ನು, ಮರಕ್ಕೆ, ಮರದಿಂದ ಎಂದು ದಿನವಿಡೀ ಆಡುವ ಕನ್ನಡದ ಕೂಸು ಎಂದೂ ವಿಭಕ್ತಿ ತಪ್ಪುವುದಿಲ್ಲ, ಅಭ್ಯಾಸವಿದೆ. ಇಂಗ್ಲಿಷಿನ ಮಗುವಿಗೆ ಎಲ್ಲೆಲ್ಲೂ ಇಲ್ಲದ ಭೇದವನ್ನು ನಾಲ್ಕೇ ಕಡೆ ನೆನಪಿಡು ಎಂದರೆ ಅದು ಎಡವುತ್ತದೆ. 'ಹೂಮ್' ಅಂತೂ ಮಾತಿನಿಂದ ಮಾಯವಾಗುತ್ತ ಬಂದಿದೆ.

ಇದರ ಜತೆಗೆ ಪಂಡಿತರ ಕೈವಾಡವೂ ಉಂಟು. ಚಾಸರ್ ಕವಿ ಒಂದು ವಾಕ್ಯದಲ್ಲಿ ಎರಡು ಮೂರು ಸಲ 'ಇಲ್ಲ' ಎಂದು ಹೇಳಿ ಒತ್ತು ಕೊಡುತ್ತಿದ್ದ. ಅದನ್ನು ಯಾರೂ ತಪ್ಪೆನ್ನಲಿಲ್ಲ. 1672ರಲ್ಲಿ ಡ್ರೈಡನ್ ಎಂಬ ಕವಿ, ವಾಕ್ಯದ ಕೊನೆಗೆ 'ಆಫ್', 'ವಿತ್' ಮುಂತಾದವು ಬರಬಾರದೆಂದು ಬೆನ್ ಜಾನ್ಸನ್ನನ ಬರವಣಿಗೆಯಲ್ಲಿ ದೋಷ ತೆಗೆದ. 1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿ ಒಂದು ಸಣ್ಣ ವ್ಯಾಕರಣ ಬರೆದು, ಷೇಕ್ಸ್‌ಪಿಯರ್, ಮಿಲ್ಟನ್‌ರ ತಪ್ಪುಗಳನ್ನೂ ಅಡಿಟಿಪ್ಪಣಿಯಲ್ಲಿ ಹೆಕ್ಕಿ ಹಾಕಿದ! ದೊಡ್ಡವರನ್ನೇ ಬಿಡದ ಮೇಲೆ ನಾನು ಯಾವ ಲೆಕ್ಕ? 'ಬಿಟ್ವೀನ್ ಯೂ ಅಂಡ್ ಐ' ಎಂದು ಯಾರಾದರೂ ಅಂದರೆ ಇಂದು ತಪ್ಪು ಎನ್ನುತ್ತಾರೆ. 'ಮರ್ಚೆಂಟ್ ಆಫ್ ವೆನಿಸ್' ನಾಟಕದಲ್ಲಿ ಬರುವ ಪತ್ರವೊಂದರಲ್ಲಿ ಹಾಗೆಯೇ ಇದೆ, ನೋಡಿ.

ಈ 'ಯೂ ಅಂಡ್ ಐ' ಇಂದಿನವರ ಬಾಯಲ್ಲಿ ಯಾಕೆ ಬರುತ್ತದೆ ಎಂದು ವಿಚಾರ ಮಾಡಿದರೆ ನನ್ನ ಕಥೆಯೇ ನೆನಪಾಗುತ್ತದೆ. ಚಿಕ್ಕವರಿದ್ದಾಗ 'ಮೀ ಅಂಡ್ ಹಿಮ್ ವೆಂಟ್' ಎಂದದ್ದಕ್ಕೆ ಬೈಸಿಕೊಂಡು ಬೈಸಿಕೊಂಡು, 'ಮೀ' ಎಂದರೆ ಎಲ್ಲಿ ತಪ್ಪಾಗುತ್ತದೋ ಎಂದು ಎಲ್ಲ ಕಡೆ 'ಐ' ಹಾಕುತ್ತಾರೆ. ನಮ್ಮವರು 'ಮೈಸೆಲ್ಫ್' ಎಂದು ತಮ್ಮ ಹೆಸರು ಹೇಳಿಕೊಳ್ಳುವುದೂ ಹೀಗೇ ಇರಬೇಕು. 'ಐ' ಅಂದರೆ ಗರ್ವವಾದೀತು, 'ಮೀ' ಅಂದರೆ ತಪ್ಪಾದೀತು. ಇವು ಅರಿಯದೆ ಮಾಡುವ ತಪ್ಪುಗಳಲ್ಲ, ಹೆದರಿ ಮಾಡುವ ತಪ್ಪುಗಳು. ಹೆದರಿದವರಲ್ಲಿ ಕೆಲವರು ತಪ್ಪು ಮಾಡುತ್ತಾರೆ, ಇನ್ನು ಕೆಲವರು ಮಾತನ್ನೇ ನಿಲ್ಲಿಸುತ್ತಾರೆ. ನಾನು ಎರಡನೆಯ ಗುಂಪಿಗೆ ಸೇರಿದ್ದೆ.

ಹಾಗೆಂದು ಏನು ಬರೆದರೂ ನಡೆದೀತು ಎಂದು ನಾನು ಹೇಳುತ್ತಿಲ್ಲ. ನೌಕರಿಯ ಅರ್ಜಿಯಲ್ಲಿ ತಪ್ಪು ತಪ್ಪೇ. ಅದನ್ನು ಓದುವವರಿಗೆ ನಿಮ್ಮ ತವರುಮನೆಯ ಕಥೆ ಕೇಳುವ ವ್ಯವಧಾನವಿರುವುದಿಲ್ಲ. ಮಗನ ಗೆಳೆಯರ ಅರ್ಜಿಗಳನ್ನು ಈಗ ನಾನೇ ತಿದ್ದಿ ಕೊಡುತ್ತೇನೆ. ಫೋನು ತಾನೇ ತಿದ್ದುತ್ತದೆ ಆಂಟಿ, ಎನ್ನುತ್ತಾರೆ. ಆದರೆ ಅದು ತಿದ್ದಿದ್ದು ಸರಿಯೋ ಎಂದು ನೋಡಲು ನಮಗೂ ಗೊತ್ತಿರಬೇಕಲ್ಲ. 'ಸಿನ್ಸ್', 'ಫಾರ್' ಭೇದ ನನಗೆ ಬಂದದ್ದು ರೆನ್ ಮಾರ್ಟಿನ್ನಿಂದಲ್ಲ. 'ಇಂದ' ಎಂಬುದನ್ನು ಎರಡಾಗಿ ಒಡೆಯಬೇಕು ಎಂದು ಹೊಳೆದ ದಿನ ಹತ್ತು ನಿಮಿಷದಲ್ಲಿ ಬಂತು. ನಾಲಿಗೆಗೆ ಕೂಡಿಬರಲು ಮಾತ್ರ ಮೂರು ತಿಂಗಳು ಹಿಡಿಯಿತು.

ಹಿರಿಯ ಮಗ ಕಾಲೇಜಿಗೆ ಹೋಗುತ್ತಿದ್ದಾಗ ಒಂದು ಸಲ ಆ ನೋಟುಬುಕ್ಕು ಅವನ ಕೈಗೆ ಸಿಕ್ಕಿತು. ನಿಂತಲ್ಲೇ ಅರ್ಧ ತಾಸು ಓದಿದ. 'ಅಮ್ಮಾ, ಇದರಾಗ ನನ್ನ ತಪ್ಪೂ ಅದಾವಲ್ಲ' ಎಂದ. ಇದ್ದವು. 'ನಾಳೆ ಐ ಆಮ್ ಗಿವಿಂಗ್ ಎಕ್ಸಾಮ್' ಎಂದು ಅವನು ಗೆಳೆಯನಿಗೆ ಹೇಳಿದ್ದನ್ನು ಬರೆದಿಟ್ಟಿದ್ದೆ. ಇಂಗ್ಲಿಷಿನಲ್ಲಿ ಪರೀಕ್ಷೆ 'ತೆಗೆದುಕೊಳ್ಳುತ್ತಾರೆ'. ಕನ್ನಡದಲ್ಲಿ ಬರೆಯುತ್ತೇವೆ. ಮರಾಠಿ ಹಿಂದಿಯಲ್ಲಿ ಪರೀಕ್ಷೆ ಕೊಡುತ್ತಾರೆ. ನನ್ನ ಇಂಗ್ಲಿಷಿನ ತವರು ಧಾರವಾಡ, ಅವನದು ಡೊಂಬಿವಿಲಿ. ಅಷ್ಟೇ ವ್ಯತ್ಯಾಸ.

ಈಗ ನಿಮ್ಮ ಕನ್ನಡಕ್ಕೆ ಬರುತ್ತೇನೆ. ಸಿಟ್ಟಾಗಬೇಡಿ. 'ನಾನು ಸ್ನಾನ ತಗೊಂಡೆ', 'ಅವನು ನನ್ನನ್ನು ಮಿಸ್ ಮಾಡ್ತಾನೆ', 'ಎರಡು ಅಣ್ಣ ಇದೆ' ಎಂದು ನೀವು ಆಡುವುದನ್ನು ಕೇಳಿ ನಾವು ಹಿರಿಯರು ನಗುತ್ತೇವೆ. ನಾವು ನಾವೇ ಏನು ಕಡಿಮೆ? ಮುಂಬಯಿಗೆ ಬಂದ ಹೊಸದರಲ್ಲಿ ನನ್ನ 'ಹೋಗಿ ಬರ್ತೇನ್ರಿ' ಕೇಳಿ ಮೈಸೂರಿನ ನೆರೆಯವರು ನಕ್ಕರು. ಅವರ 'ಹೋಗ್ಬುಟ್ಟು ಬತ್ತೀನಿ' ಕೇಳಿ ನಾನು ನಕ್ಕೆ. ಮಂಗಳೂರಿನವರ ಪುಸ್ತಕದಂಥ ಕನ್ನಡ ಕೇಳಿ ಇಬ್ಬರೂ ನಕ್ಕೆವು. 13ನೆಯ ಶತಮಾನದ ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ ಅಪಭ್ರಂಶಕ್ಕೆಂದೇ ಒಂದು ಪ್ರಕರಣ ಇಟ್ಟಿದ್ದಾನೆ. ಸಂಸ್ಕೃತದ 'ವರ್ಣ' ಕನ್ನಡಿಗರ ಬಾಯಲ್ಲಿ 'ಬಣ್ಣ'ವಾದದ್ದನ್ನು, ಇಂಥವನ್ನು, ಅವನು ಬೈಯಲಿಲ್ಲ, ನಿಯಮ ಹುಡುಕಿದ. 'ಪಾಲು' ಎನ್ನುತ್ತಿದ್ದ ಅಜ್ಜನಿಗೆ ಮೊಮ್ಮಗ ಮೊದಲ ಸಲ 'ಹಾಲು' ಎಂದಾಗ ಹೇಗೆ ಕೇಳಿಸಿರಬೇಕು!

ಇದನ್ನೆಲ್ಲ ಬರೆಯಲು ಕಾರಣ ನಮ್ಮ ಕನ್ನಡಿಗರ ಕೂಟದಲ್ಲಿ ಈಚೆಗೆ ನಡೆದ ಒಂದು ಸಂಗತಿ. ಹತ್ತೊಂಬತ್ತು ಇಪ್ಪತ್ತರ ಹುಡುಗನೊಬ್ಬ ತೀರಿಹೋದ ತನ್ನ ಅಜ್ಜಿಯ ಬಗ್ಗೆ ನಾಲ್ಕು ಮಾತಾಡಲು ಎದ್ದು ನಿಂತ. 'ನಮ್ಮಜ್ಜಿ ನನಗ ಭಾಳ ಕಥಿ ಹೇಳ್ತಿತ್ತು, ಹೋದ ವರ್ಷ ಸತ್ತುಹೋತು' ಎಂದ. ಮುಂದಿನ ಸಾಲಿನ ಹಿರಿಯರು ನಕ್ಕರು. 'ಅಜ್ಜಿ ಹೇಳ್ತಿದ್ದಳು ಅನ್ನಪ್ಪಾ, ಅದು ಇದು ಅಂತೀಯಲ್ಲ, ಅಜ್ಜಿ ಏನು ಎಮ್ಮೆಯೇ?' ಎಂದು ಒಬ್ಬರು ಕೂತಲ್ಲಿಂದಲೇ ತಿದ್ದಿದರು. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆನೇನೋ, ನೆನಪಿಲ್ಲ. ಹುಡುಗ ಕೆಂಪಾಗಿ, 'ಸಾರಿ, ಐ ವಿಲ್ ಸ್ಪೀಕ್ ಇನ್ ಇಂಗ್ಲಿಷ್' ಎಂದು ಎರಡು ವಾಕ್ಯ ಹೇಳಿ ಕೂತುಬಿಟ್ಟ. ಅಜ್ಜಿಯ ಕಥೆ ಅಲ್ಲಿಗೇ ನಿಂತಿತು.

ನನಗೆ ತಟ್ಟನೆ ಆ ಮುಖ್ಯೋಪಾಧ್ಯಾಯಿನಿಯ ತುಟಿಯ ಮೂಲೆ ಕಂಡಿತು. ಅದಕ್ಕಿಂತ ಹೆಚ್ಚು ಕಸಿವಿಸಿಯಾದದ್ದು ಇನ್ನೊಂದಕ್ಕೆ. ನಮ್ಮ ಕಡೆಯ ಹಳ್ಳಿಗಳಲ್ಲಿ 'ಅಕ್ಕ ಬಂತು', 'ಅವ್ವ ಹೋತು' ಎನ್ನುವುದು ವಾಡಿಕೆಯ ಮಾತು. ಸಲಿಗೆ ಇದ್ದಲ್ಲೇ ಹಾಗೆ ಅನ್ನುತ್ತಾರೆ. ಪುಸ್ತಕದ ಕನ್ನಡ ಕಲಿತ ಮೇಲೆ ನಾವೇ ಅದನ್ನು ಮರೆತಿದ್ದೇವೆ.

ಚಹಾದ ಹೊತ್ತಿನಲ್ಲಿ ಹುಡುಗನನ್ನು ಹುಡುಕಿಕೊಂಡು ಹೋದೆ. ಬಾಗಿಲ ಹತ್ತಿರ ಫೋನು ನೋಡುತ್ತ ನಿಂತಿದ್ದ.

'ನಿಮ್ಮಜ್ಜಿದು ಯಾವ ಊರಪಾ?' ಎಂದೆ.

'ಬೈಲಹೊಂಗಲ ಹತ್ರ ಒಂದು ಹಳ್ಳಿ, ಆಂಟಿ.'

'ಕನ್ನಡ ಅಜ್ಜಿನೇ ಕಲಿಸ್ತಾ?'

'ಹೂಂ ಆಂಟಿ. ಮನ್ಯಾಗ ಎಲ್ಲಾರೂ ಹಿಂದಿ. ಅಜ್ಜಿ ಒಂದೇ ಕನ್ನಡ ಮಾತಾಡ್ತಿತ್ತು.'

ಅಜ್ಜಿ ತನ್ನ ಅಕ್ಕನ ಬಗ್ಗೆ, ಅವ್ವನ ಬಗ್ಗೆ ಹಾಗೆಯೇ ಆಡಿದ್ದನ್ನು ಕೇಳಿ ಕಲಿತಿದ್ದ. ನಿನ್ನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ ಎಂದು ಹೇಳಿದೆ, ಮುಂದಿನ ಸಾಲಿಗೂ ಕೇಳುವಂತೆ ಸ್ವಲ್ಪ ಜೋರಾಗಿಯೇ ಹೇಳಿದೆ. ಅವನು ನಂಬಿದನೋ ಇಲ್ಲವೋ. ಅಜ್ಜಿ ಹೇಳುತ್ತಿದ್ದ ಕಥೆ ಯಾವುದು, ಬರುವ ಕೂಟದಲ್ಲಿ ಅದನ್ನು ಪೂರ್ತಿ ಹೇಳುತ್ತೀಯಾ ಎಂದು ಕೇಳಿದೆ.

'ಈ ತಿಂಗಳು ಪರೀಕ್ಷೆ ಕೊಡೋದದ ಆಂಟಿ, ಆಮ್ಯಾಲೆ ಬರ್ತೀನಿ' ಎಂದ.

'ಚಲೋ ಕೊಡಪಾ' ಎಂದೆ.